ಸಾಲ ತೀರಿಸಿದ ಕಾಯಕ

ಮಕ್ಕಳ ವಿಡಿಯೋ ಆಟಗಳನ್ನು ಕಾಲಹರಣವೆಂದು ನಾವು ಹಳಿಯುವುದುಂಟು. ಆದರೆ ಅವುಗಳ ಹಿಂದೆಯೂ ಕಾಯಕಜೀವಿಗಳಿದ್ದಾರೆ. ಜಪಾನಿನ ಹಾಲ್ ಲ್ಯಾಬೊರೇಟರಿ ಸ್ಥಾಪನೆಯಾದದ್ದು 1980ರಲ್ಲಿ. ‘ಕಿರ್ಬಿ’ ಆಟ ಹೊರಬಂದ 1992ರಲ್ಲಿಯೇ ಆ ಸಂಸ್ಥೆ ಸಾಲದಲ್ಲಿ ಮುಳುಗಿ ದಿವಾಳಿಯ ಸ್ಥಿತಿಗೆ ಬಂದಿತು. ಮರುವರ್ಷ ಅಧ್ಯಕ್ಷ ಪದವಿಯ ಹೊಣೆ ಹೊತ್ತವರು, ಅಲ್ಲಿಯೇ ಪ್ರೋಗ್ರಾಂ ಬರೆಯುತ್ತಿದ್ದ 33 ವರ್ಷದ ಸತೋರು ಇವಾಟ. ಅವರು ನೌಕರರೊಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕಂಡು ಅವರ ಮಾತನ್ನು ಆಲಿಸಿದರು. 1990ರ ದಶಕ ಮುಗಿಯುವಷ್ಟರಲ್ಲಿ ಸಾಲ ತೀರಿತು. ಮುಂದೆ ನಿಂಟೆಂಡೊ ಸಂಸ್ಥೆಯ ಅಧ್ಯಕ್ಷರಾಗಿದ್ದು, 2014ರಲ್ಲಿ ವ್ಯಾಪಾರ ಕುಸಿದಾಗ ಐದು ತಿಂಗಳ ಕಾಲ ತಮ್ಮ ವೇತನವನ್ನೇ ಅರ್ಧಕ್ಕಿಳಿಸಿಕೊಂಡರು. ಮರುವರ್ಷ ಕಾಲವಾದರು. ಶರಣರು ಕಾಯಕದೊಡನೆ ದಾಸೋಹವನ್ನೂ ಬೆಸೆದರಷ್ಟೆ. ಅಂಗಡಿಯಾಗಲಿ, ಕಾರ್ಖಾನೆಯಾಗಲಿ, ನಷ್ಟದ ಹೊರೆಯನ್ನು ಮೊದಲು ಯಾರ ಹೆಗಲಿಗೆ ಏರಿಸುತ್ತಿದ್ದೇವೆಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು.