ಡ್ಯೂಟಿ ಮುಗಿದ ಮೇಲೆ – 17: ಮೆಚ್ಯೂರ್ ಆದ್ಲು ಅಂದ್ರೆ ಏನಾದ್ಲು?

ಸಾಲಾಗಿ ಮೂರು ನೈಟ್ ಮುಗಿಸಿ ಈಗಷ್ಟೇ ಮನೆಗೆ ಬಂದೆ. ಹೋದ ಸಲ ಬಸ್ಸಿನ ಕಥೆ ಅರ್ಧಕ್ಕೆ ನಿಲ್ಲಿಸಿದ್ದೆ, ಅದು ಮುಂದಿನ ವಾರ. ಇವತ್ತು ಬೇರೆ ವಿಷಯ. ಈ ಪೋಸ್ಟು ಮನೆಯವರಿಗೂ ಊರಿನ ಸ್ನೇಹಿತರಿಗೂ ಮಾತ್ರ ಕಾಣೋ ಹಾಗೆ ಇಟ್ಟಿದ್ದೀನಿ. ದಯವಿಟ್ಟು ಯಾರೂ ಶೇರ್ ಮಾಡಬೇಡಿ.

ಮೊನ್ನೆ ಬೆಳಗಿನ ಜಾವ ಬ್ರೇಕಲ್ಲಿ ಫೋನ್ ತೆಗೆದೆ. ಫ್ಯಾಮಿಲಿ ಗ್ರೂಪಲ್ಲಿ ಮೆಸೇಜು: "ನಮ್ಮ ಪುಟ್ಟಿ ಮೆಚ್ಯೂರ್ ಆದ್ಲು. ಭಾನುವಾರ ಆರತಿ. ಎಲ್ಲರೂ ಬರಬೇಕು." ಕೆಳಗೆ ಸಾಲುಸಾಲು ಕೈಮುಗಿಯೋ ಚಿತ್ರಗಳು, ಹೂಗುಚ್ಛ, ಅಭಿನಂದನೆ. ಒಬ್ಬರಂತೂ "ಇನ್ನು ನಮ್ಮ ಹುಡುಗನಿಗೆ ಹೆಣ್ಣು ಹುಡುಕೋ ಚಿಂತೆ ಇಲ್ಲ ಬಿಡಿ" ಅಂತ ತಮಾಷೆ ಮಾಡಿದ್ರು. ಅದಕ್ಕೂ ಎಂಟು ಜನ ನಕ್ಕಿದ್ರು.

ಪುಟ್ಟಿಗೆ 11 ವರ್ಷ. ಆರನೇ ಕ್ಲಾಸು.

ಅರ್ಧ ಗಂಟೆ ಮುಂಚೆ ನಾನು ಒಂದು ಕೂಸಿನ ಚಾರ್ಟಲ್ಲಿ "ಪ್ರೀಮೆಚ್ಯೂರ್" ಅಂತ ಬರೆದು ಎದ್ದು ಬಂದಿದ್ದೆ. ಅಲ್ಲೂ ಅದೇ ಪದ, ಇಲ್ಲೂ ಅದೇ ಪದ. ಚಹಾ ಆರಿಹೋಯ್ತು, ನಾನು ಅದನ್ನೇ ಯೋಚಿಸ್ತಾ ಕೂತಿದ್ದೆ.

ನಾನು ಕೆಲಸ ಮಾಡೋದು ತಿಂಗಳು ತುಂಬೋ ಮುಂಚೆ ಹುಟ್ಟಿದ ಮಕ್ಕಳ ವಾರ್ಡಲ್ಲಿ ಅಂತ ನಿಮಗೆ ಗೊತ್ತೇ ಇದೆ. ನಮ್ಮಲ್ಲಿ ಮೆಚ್ಯೂರ್ ಅನ್ನೋ ಪದವನ್ನ ಸುಮ್ಮನೆ ಬಾಯಿಗೆ ಬಂದ ಹಾಗೆ ಬಳಸೋ ಹಾಗಿಲ್ಲ. ಯಾವುದು ಬಲಿತಿದೆ, ಯಾವುದು ಇಲ್ಲ ಅಂತ ಒಂದೊಂದಾಗಿ ಹೇಳಬೇಕು. 37 ವಾರ ತುಂಬಿದ್ರೆ ದಿನ ತುಂಬಿದ ಮಗು. ಆದರೆ ಒಳಗಿನ ಒಂದೊಂದು ಅಂಗಕ್ಕೂ ಅದರದ್ದೇ ಗಡಿಯಾರ. ಉಸಿರು ಬಿಟ್ಟಾಗ ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ನೋಡಿಕೊಳ್ಳೋ ಒಂದು ಜಿಡ್ಡಿನಂಥ ಪದಾರ್ಥ ಇದೆ, ಸರ್ಫ್ಯಾಕ್ಟಂಟ್ ಅಂತ. ಅದು ಸಾಕಷ್ಟು ತಯಾರಾಗೋದು ಸುಮಾರು 34–35 ವಾರಕ್ಕೆ. ಚೀಪೋದು, ನುಂಗೋದು, ಉಸಿರಾಡೋದು, ಈ ಮೂರನ್ನೂ ಹೊಂದಿಸಿಕೊಂಡು ಹಾಲು ಕುಡಿಯೋದು ಕೂಸಿಗೆ ಬರೋದೂ ಹೆಚ್ಚುಕಮ್ಮಿ 34 ವಾರದ ಹೊತ್ತಿಗೆ. ಅಲ್ಲಿವರೆಗೂ ಮೂಗಿನ ಟ್ಯೂಬಲ್ಲಿ ಹಾಲು. ಕಣ್ಣಿನ ಹಿಂದಿನ ರಕ್ತನಾಳಗಳು ಪೂರ್ತಿ ಹರಡೋಕೆ ಇನ್ನೂ ತಡ, ಅದಕ್ಕೇ ಕಣ್ಣಿನ ಡಾಕ್ಟರು ಬಂದು ಬಂದು ನೋಡ್ತಾರೆ. ಒಂದು ಮಗು ಯಾವ ಸಹಾಯವೂ ಇಲ್ಲದೆ ಉಸಿರಾಡ್ತಿದೆ ಅಂತ ಯಾರೂ ಅದಕ್ಕೆ ಬಾಟಲಿ ಕೊಟ್ಟು ಮನೆಗೆ ಕಳಿಸಲ್ಲ.

ನ್ಯೂಜಿಲೆಂಡಿನ ಲಿಗ್ಗಿನ್ಸ್ ಅನ್ನೋ ಡಾಕ್ಟರು ಕುರಿಗಳ ಮೇಲೆ ಪ್ರಯೋಗ ಮಾಡ್ತಿದ್ದಾಗ, ಬದುಕೋಕೇ ಆಗಬಾರದಷ್ಟು ಬೇಗ ಹುಟ್ಟಿದ ಮರಿ ಉಸಿರಾಡ್ತಾ ಇತ್ತಂತೆ. ತಾನು ಕೊಟ್ಟ ಸ್ಟೀರಾಯ್ಡು ಮರಿಯ ಶ್ವಾಸಕೋಶವನ್ನ ಬೇಗ ಬಲಿಯೋ ಹಾಗೆ ಮಾಡಿದೆ ಅಂತ ಅವರಿಗೆ ಹೊಳೀತು. ಆಮೇಲೆ ಅವರೂ ಹೋವಿ ಅನ್ನೋ ಮಕ್ಕಳ ಡಾಕ್ಟರೂ ಸೇರಿ ಬಸುರಿಯರಿಗೆ ಕೊಟ್ಟು ನೋಡಿದ ಫಲಿತಾಂಶ 1972ರಲ್ಲಿ ಪ್ರಕಟ ಆಯ್ತು. ಇವತ್ತು ಬೇಗ ಹೆರಿಗೆ ಆಗೋ ಸೂಚನೆ ಕಂಡ್ರೆ ತಾಯಿಗೆ ಕೊಡೋ ಇಂಜೆಕ್ಷನ್ ಅದೇ. ಅದರಿಂದ ಶ್ವಾಸಕೋಶ ಬೇಗ ಬಲಿಯುತ್ತೆ. ಕೂಸು ಪೂರ್ತಿ ಬಲಿಯಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೋರು ನಮ್ಮ ವಾರ್ಡಲ್ಲಿ ಒಂದು ದಿನವೂ ಕೆಲಸ ಮಾಡೋಕಾಗಲ್ಲ.

ಈಗ ಪುಟ್ಟಿ ವಿಷಯಕ್ಕೆ ಬರ್ತೀನಿ. ಮೈ ಬದಲಾಗೋಕೆ ಶುರುವಾಗಿ ಸಾಮಾನ್ಯವಾಗಿ ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು ಬರುತ್ತೆ. ಅದಾದ ಮೇಲೂ ಹುಡುಗಿ ಇನ್ನೂ 5–7 ಸೆಂಟಿಮೀಟರ್ ಎತ್ತರ ಬೆಳೀತಾಳೆ. ಮೊದಲ ಒಂದೆರಡು ವರ್ಷ ಎಷ್ಟೋ ತಿಂಗಳು ಅಂಡಾಣುವೇ ಬಿಡುಗಡೆ ಆಗಲ್ಲ, ಅದಕ್ಕೇ ಮುಟ್ಟು ಹಿಂದೆ ಮುಂದೆ ಆಗೋದು. ಸೊಂಟದ ಮೂಳೆ ಅಗಲ ಆಗೋದು ಇನ್ನೂ ಹಲವು ವರ್ಷ ನಡೆಯುತ್ತೆ. ಮುಂದಾಲೋಚನೆ ಮಾಡೋ ಮೆದುಳಿನ ಭಾಗವಂತೂ ಇಪ್ಪತ್ತು ದಾಟಿದ ಮೇಲೂ ಬೆಳೀತಾನೇ ಇರುತ್ತೆ. ಇಷ್ಟೆಲ್ಲ ಬಾಕಿ ಇರೋವಾಗ ಒಂದು ಗುರುತು ಕಂಡ ತಕ್ಷಣ "ಮೆಚ್ಯೂರ್" ಅಂತ ಸೀಲು ಹೊಡೆದುಬಿಡೋದಾ?

ತಮಾಷೆ ಅಂದ್ರೆ ನಮ್ಮ ಅಜ್ಜಿಯರ ಪದ ಇದಕ್ಕಿಂತ ಸರಿಯಾಗಿತ್ತು. ಪುಷ್ಪವತಿ ಅಂತಿದ್ರು. ಹೂ ಬಿಟ್ಟಿದೆ ಅಂತ, ಅಷ್ಟೇ. ನಮ್ಮದು ತಿಪಟೂರು ಕಡೆ, ಇದನ್ನ ನಾನು ಹೇಳಿಕೊಡಬೇಕಾ? ಹೊಂಬಾಳೆ ಒಡೆದ ದಿನ ಯಾರಾದ್ರೂ ದೋಟಿ ತಗೊಂಡು ಕಾಯಿ ಕೆಡವೋಕೆ ಹೋಗ್ತಾರಾ? ಅದು ಹರಳಾಗಬೇಕು, ಎಳನೀರಾಗಬೇಕು, ಬಲಿತ ಕಾಯಿ ಆಗೋಕೆ ಹನ್ನೊಂದು ಹನ್ನೆರಡು ತಿಂಗಳು ಬೇಕು. ಆಮೇಲೂ ಅಟ್ಟದ ಮೇಲೆ ಹೆಚ್ಚುಕಮ್ಮಿ ಇನ್ನೊಂದು ವರ್ಷ. ತಾತ ಒಂದೊಂದೇ ಕಾಯಿ ಕಿವಿ ಹತ್ರ ಹಿಡಿದು ಅಲ್ಲಾಡಿಸಿ, "ನೀರಿನ್ನೂ ಇದೆ, ಇಡು" ಅಂತಿದ್ರು. ಗಿಟುಕು ಒಳಗೆ ಲೊಟಲೊಟ ಅಂದ್ರೆ ಮಾತ್ರ ಕೆಳಗೆ ಇಳಿಸೋದು. ಎಳೆಕಾಯಿ ಅಟ್ಟಕ್ಕೆ ಹಾಕಿದೋನಿಗೆ ಬೈಗುಳ ಬೀಳ್ತಿತ್ತು. ಮಾವಿಗೂ ಹಂಗೇ: ಹೀಚು, ಮಿಡಿ, ಕಾಯಿ, ದೋರಗಾಯಿ, ಹಣ್ಣು. ಇಷ್ಟು ಮೆಟ್ಟಿಲು ಇರೋ ಭಾಷೆಯವರು ನಾವು, ಹೆಣ್ಣುಮಕ್ಕಳಿಗೆ ಬಂದ್ರೆ ಇಂಗ್ಲಿಷಿನ ಒಂದೇ ಪದ.

ಆ ಇಂಗ್ಲಿಷ್ ಪದದ ಮೂಲ ಹುಡುಕಿದೆ. ಲ್ಯಾಟಿನ್ನಿನಲ್ಲಿ ಮಾಗಿದ್ದು, ಹೊತ್ತಿಗೆ ಸರಿಯಾಗಿ ಬಂದದ್ದು ಅಂತ ಅರ್ಥ. ಇಂಗ್ಲಿಷಿಗೆ "ಮೆಚ್ಯುರೇಶನ್" ಬಂದ ಹೊಸದರಲ್ಲಿ ಅದನ್ನ ಹೇಳ್ತಿದ್ದದ್ದು ಕುರು ಕೀವು ತುಂಬೋದಕ್ಕೆ! ನಾವೂ "ಕುರು ಹಣ್ಣಾಯ್ತು" ಅಂತೀವಲ್ಲ, ಹಾಗೇ. (ಕೆಲಸ ಮಾಡಿ ಮಾಡಿ ಹಣ್ಣಾದೆ ಅಂತಲೂ ಅಂತೀವಿ. ಮೂರು ನೈಟ್ ಆದಮೇಲೆ ನಾನು ಆ ಜಾತಿ ಹಣ್ಣು.)

ಅಜ್ಜಿ ಕಾಲವನ್ನ ಹೊಗಳ್ತಿದ್ದೀನಿ ಅಂತ ತಿಳ್ಕೋಬೇಡಿ. ಪುಷ್ಪವತಿ ಅಂತ ಚೆಂದದ ಹೆಸರಿಟ್ಟೂ ಆ ವರ್ಷವೇ ಗಂಡನ ಮನೆಗೆ ಕಳಿಸ್ತಿದ್ರು. ನಮ್ಮಜ್ಜಿ ಹೆತ್ತದ್ದು ಎಂಟು, ಉಳಿದದ್ದು ಐದು. ಆ ಮೂರರ ಬಗ್ಗೆ ಅಜ್ಜಿ ಒಂದು ಸಲವೂ ಮಾತಾಡಿದ್ದು ನಾನು ಕೇಳಿಲ್ಲ.

ಇನ್ನೊಂದು ಹೇಳಬೇಕು. ಹೈಸ್ಕೂಲಲ್ಲಿ ನನ್ನ ಪಕ್ಕ ಕೂರ್ತಿದ್ದ ಗೆಳತಿ, ಅವಳನ್ನ ಕೇಳಿಯೇ ಬರೀತಿದ್ದೀನಿ. ಲೆಕ್ಕದಲ್ಲಿ ನನಗಿಂತ ಮುಂದೆ ಇದ್ಲು. ಎಸ್ಸೆಸ್ಸೆಲ್ಸಿ ರಿಸಲ್ಟು ಬರೋ ಮುಂಚೆಯೇ ಮದುವೆ. "ಮೆಚ್ಯೂರ್ ಆಗಿ ಮೂರು ವರ್ಷ ಆಯ್ತಲ್ಲ, ಇನ್ನೇನು" ಅಂದಿದ್ರು ಅವರ ಮನೆಯಲ್ಲಿ. 17ಕ್ಕೆ ಬಸುರಿ, ಏಳನೇ ತಿಂಗಳಲ್ಲಿ ಬಿಪಿ ಏರಿ ಫಿಟ್ಸ್ ಬಂತು. ಅವಳು ಉಳಿದ್ಲು. ಕೂಸು ಮೂರನೇ ದಿನ ಹೋಯ್ತು. ನೋಡೋಕೆ ಹೋದಾಗ ಜಗಲಿಯಲ್ಲಿ ಕೂತಿದ್ದ ಒಬ್ಬರು ಹೇಳಿದ ಮಾತು ಇನ್ನೂ ನೆನಪಿದೆ: "ಏನ್ ಮಾಡೋದು, ಬಲಿಯೋ ಮುಂಚೆ ಉದುರೋಯ್ತು." ಕೂಸಿನ ಬಗ್ಗೆ ಹೇಳಿದ್ದು. ಒಳಗೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದೋಳ ಬಗ್ಗೆ ಯಾರೂ ಹಾಗೆ ಅನ್ನಲಿಲ್ಲ.

ನಾನು ಬಿಎಸ್ಸಿ ನರ್ಸಿಂಗ್‌ಗೆ ಸೇರಿದ ಮೇಲೆ ಪುಸ್ತಕದಲ್ಲಿ ಓದಿದೆ: ಇಪ್ಪತ್ತು ತುಂಬದ ತಾಯಂದಿರಿಗೆ ಈ ಫಿಟ್ಸಿನ ಅಪಾಯ ಜಾಸ್ತಿ, ಅವರ ಮಕ್ಕಳು ಬೇಗ ಹುಟ್ಟೋದು, ತೂಕ ಕಡಿಮೆ ಇರೋದೂ ಜಾಸ್ತಿ. ಆ ಪುಟ ಓದಿ ಮುಗಿಸೋಕೆ ನನಗೆ ಎರಡು ದಿನ ಬೇಕಾಯ್ತು.

ಕಾಲ ಬದಲಾಗಿದೆ, ಕಾನೂನಿದೆ, 18ಕ್ಕೆ ಮುಂಚೆ ಯಾರು ಮದುವೆ ಮಾಡ್ತಾರೆ ಅಂತೀರಿ. ಸರಿ. (ಇಲ್ಲಿಯವರೂ ಮಹಾ ಬುದ್ಧಿವಂತರೇನಲ್ಲ, ಇಂಗ್ಲೆಂಡಲ್ಲಿ ಅಪ್ಪ ಅಮ್ಮ ಒಪ್ಪಿದ್ರೆ 16ಕ್ಕೇ ಮದುವೆ ಆಗಬಹುದಿತ್ತು, 18 ಅಂತ ಮಾಡಿದ್ದು 2023ರಲ್ಲಿ.) ಆದರೆ ಮದುವೆ ಒಂದೇ ಅಲ್ಲ. ಆ ಪದ ಹೇಳಿದ ಮಾರನೇ ದಿನದಿಂದ ಏನೇನು ಶುರುವಾಗುತ್ತೆ ನೋಡಿ. ಸೈಕಲ್ ಬೇಡ. ಜೋರಾಗಿ ನಗಬೇಡ. ಮಾವಂದಿರ ಮುಂದೆ ಹಂಗೆ ಕೂರಬೇಡ. ಅದೇ ವಯಸ್ಸಿನ ಹುಡುಗನಿಗೆ ಮೀಸೆ ಚಿಗುರಿದ್ರೆ ಯಾರೂ ಗ್ರೂಪಲ್ಲಿ ಹಾಕಲ್ಲ, ಅವನ ಕ್ರಿಕೆಟ್ ಬ್ಯಾಟೂ ಕಿತ್ಕೊಳ್ಳಲ್ಲ.

ಆರತಿ ಮಾಡಬೇಡಿ ಅಂತ ನಾನು ಹೇಳಲ್ಲ. ಅವಳು ಹೂಂ ಅಂದ್ರೆ ಹಸೆ ಮೇಲೆ ಕೂರಿಸಿ, ಹೊಸ ಲಂಗ ಕೊಡಿಸಿ, ಕೊಬ್ಬರಿ ಬೆಲ್ಲ, ಚಿಗಳಿ ಚೆನ್ನಾಗಿ ತಿನ್ನಿಸಿ. ಜೊತೆಗೆ ಸೊಪ್ಪು, ಕಾಳು, ಮೊಟ್ಟೆ ಕೊಡಿ, ಇನ್ನು ತಿಂಗಳು ತಿಂಗಳು ರಕ್ತ ಹೋಗುತ್ತೆ. ಏಳು ದಿನಕ್ಕಿಂತ ಜಾಸ್ತಿ ಹೋದ್ರೆ ಡಾಕ್ಟರಿಗೆ ತೋರಿಸಿ. ಫ್ಲೆಕ್ಸ್ ಮಾತ್ರ ಬೇಡ. ಗ್ರೂಪಲ್ಲಿ ಹಾಕೋ ಮುಂಚೆ ಅವಳನ್ನ ಒಂದು ಮಾತು ಕೇಳಬಹುದಿತ್ತು.

ನಾನು ಕೇಳಿದೆ. ಈ ಪೋಸ್ಟ್ ಬರೀಲಾ ಅಂತ ನಿನ್ನೆ ಅವಳಿಗೇ ಫೋನ್ ಮಾಡಿದ್ದೆ. "ಹೆಸರು ಹಾಕಬೇಡ" ಅಂದ್ಲು. ಪುಟ್ಟಿ ಅನ್ನೋದು ನಮ್ಮ ಪ್ರತಿ ಮನೆಯಲ್ಲೂ ಒಬ್ಬಳಿರ್ತಾಳೆ, ಹಂಗೇ ಬರೀತೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ಲು, "ಚಿಕ್ಕಮ್ಮ, ನಾನಿನ್ನು ಖೋಖೋ ಆಡಂಗಿಲ್ವಾ? ಅಜ್ಜಿ ಬೇಡ ಅಂತು."

"ನಿಂಗೆ ಹೊಟ್ಟೆ ನೋವಿದ್ಯಾ?"

"ಇಲ್ಲ."

"ಓಡಕ್ಕಾಗುತ್ತಾ?"

"ನಮ್ ಟೀಮಲ್ಲಿ ನಾನೇ ಫಾಸ್ಟು."

ಪುಟ್ಟಿ ಅಮ್ಮ, ನೀನು ಇದನ್ನ ಓದ್ತೀಯ ಅಂತ ಗೊತ್ತು. ಮುಂದಿನ ಶನಿವಾರ ಹೋಬಳಿ ಮಟ್ಟದ ಮ್ಯಾಚು ಇದೆಯಂತೆ. ಅವಳ ಶೂ ಬಿಗಿಯಾಗಿದೆ, ಇನ್ನೂ ಬೆಳೀತಿದೆ ಕಾಲು. ಒಂದು ಸೈಜ್ ದೊಡ್ಡದು ಕೊಡಿಸು, ದುಡ್ಡು ನಾನು ಹಾಕ್ತೀನಿ. ಅಮ್ಮನ ಹತ್ರ ನಾನೇ ಮಾತಾಡ್ತೀನಿ, ಎದ್ದ ಮೇಲೆ. ಈಗ ಕಣ್ಣು ಎಳೀತಿದೆ.