ಬಾವಿಗೂ ಒಂದು ದಾಖಲೆ ಬೇಕು

ರಜೆಯಲ್ಲಿ ದುಬಾರೆಯತ್ತ ಬರುವ ನನ್ನ ಹಳೆಯ ವಿದ್ಯಾರ್ಥಿಗಳು ಕಾವೇರಿಯನ್ನು ನೋಡಿ, "ನಿಮಗೇನು ಸಾರ್, ಕಾರ್ಖಾನೆಯಿಲ್ಲ, ಹೊಗೆಯಿಲ್ಲ, ಪುಣ್ಯವಂತರು" ಎನ್ನುವುದುಂಟು. ಆ ಮಾತು ಹಿತವಾಗಿದೆ. ಆದರೆ ಹೊಳೆ ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ಅಂತರ್ಜಲ ಕೆಟ್ಟರೆ ಕಾಣುವುದಿಲ್ಲ. ಆದ್ದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆನಿಸಿತು.

ನಿಮ್ಮಲ್ಲಿ ಹಲವರು ದುಡಿಯುವ ಬೆಂಗಳೂರಿನ ಪೀಣ್ಯವನ್ನೇ ತೆಗೆದುಕೊಳ್ಳಿ. 1970ರ ದಶಕದಿಂದ ಬೆಳೆದ ಆ ಕೈಗಾರಿಕಾ ಪ್ರದೇಶದಲ್ಲಿ ಲೋಹಕ್ಕೆ ಕ್ರೋಮಿಯಂ ಲೇಪಿಸುವ ಸಣ್ಣ ಘಟಕಗಳು ಬಹಳ. ಅಲ್ಲಿಯ ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿದಾಗ ಹೆಕ್ಸಾವೇಲೆಂಟ್ ಕ್ರೋಮಿಯಂ ಕಂಡುಬಂದಿತು. ಪ್ರಯೋಗಶಾಲೆಯಲ್ಲಿ ನೀವು ಕಂಡ ಪೊಟ್ಯಾಸಿಯಂ ಡೈಕ್ರೋಮೇಟಿನ ಕಿತ್ತಳೆ ಹರಳುಗಳು ನೆನಪಿವೆಯೇ? ಅದರಲ್ಲಿರುವುದೂ ಈ ಬಗೆಯ ಕ್ರೋಮಿಯಮ್ಮೇ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ನಮ್ಮ ರಾಷ್ಟ್ರೀಯ ಮಾನಕ ಹೇಳುತ್ತದೆ.

ಇಂಥ ಮಾಲಿನ್ಯದ ಮೂಲವನ್ನು ಪತ್ತೆಹಚ್ಚುವುದು ಸುಲಭವಲ್ಲ. ನಮ್ಮ ನಾಡಿನ ಬಹುಭಾಗದಲ್ಲಿ ತಳದಲ್ಲಿರುವುದು ಗಟ್ಟಿ ಶಿಲೆ. ನೀರು ಅದರ ಮೇಲಿನ ಶಿಥಿಲ ಪದರದಲ್ಲಿಯೂ ಬಂಡೆಯ ಬಿರುಕುಗಳಲ್ಲಿಯೂ ಹರಿಯುತ್ತದೆ. ಒಂದು ಬಾವಿ ಕೆಟ್ಟು ಪಕ್ಕದ ಬಾವಿ ಚೆನ್ನಾಗಿರಬಹುದು. ಆದಕಾರಣ ಒಂದೇ ಸೀಸೆ ನೀರನ್ನು ಪರೀಕ್ಷಿಸಿ ತೀರ್ಪು ಕೊಡಲಾಗದು. ಹಲವು ಬಾವಿಗಳ ನೀರಿನ ಮಟ್ಟ ಅಳೆದು ಹರಿವಿನ ದಿಕ್ಕನ್ನು ನಕ್ಷೆಯಲ್ಲಿ ಗುರುತಿಸಬೇಕು. ಶಂಕಿತ ಸ್ಥಳದ ಮೇಲ್ಭಾಗದ ನೀರನ್ನು ಕೆಳಭಾಗದ ನೀರಿನೊಡನೆ ಹೋಲಿಸಬೇಕು. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ನೋಡಬೇಕು. ಇಷ್ಟೆಲ್ಲ ಆದ ಮೇಲೂ "ಈ ನೀರು ಮೊದಲಿನಿಂದಲೂ ಹೀಗೆಯೇ ಇತ್ತು" ಎಂದು ಯಾರಾದರೂ ವಾದಿಸಿದರೆ, ಹಳೆಯ ದಾಖಲೆಯಿಲ್ಲದ ಊರಿಗೆ ಉತ್ತರವಿರುವುದಿಲ್ಲ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ರಾಜಸ್ಥಾನದ ಉದಯಪುರದ ಬಳಿಯ ಬಿಛ್ರಿ ಗ್ರಾಮವೇ ಸಾಕ್ಷಿ. 1980ರ ದಶಕದ ಕೊನೆಯಲ್ಲಿ ಅಲ್ಲಿ ಎಚ್ ಆಮ್ಲ ಎಂಬ ರಾಸಾಯನಿಕದ ತಯಾರಿಕೆಯಿಂದ ಉಳಿದ ಕೆಸರು ಮಣ್ಣಿಗಿಳಿದು ಬಾವಿಗಳ ನೀರು ಬಣ್ಣಗೆಟ್ಟಿತು. ಮಾಲಿನ್ಯ ಮಾಡಿದವನೇ ಪರಿಹಾರದ ವೆಚ್ಚ ಭರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿತು. 37.385 ಕೋಟಿ ರೂಪಾಯಿಯನ್ನು ಬಡ್ಡಿಸಹಿತ ಕೊಡಬೇಕೆಂದು ಅದೇ ನ್ಯಾಯಾಲಯ ಮತ್ತೆ ಆದೇಶಿಸಿದ್ದು 2011ರಲ್ಲಿ. ನ್ಯಾಯ ಗೆದ್ದಿತು, ನಿಜ. ಆದರೆ ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ದೊಡ್ಡವರಾಗಿದ್ದರು.

ಇನ್ನು ನಮ್ಮ ಕೊಡಗಿಗೆ ಬರೋಣ. ಇಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ ನೀರಿದೆ, ಹೋಮ್‌ಸ್ಟೇ ಮತ್ತು ರೆಸಾರ್ಟುಗಳ ಇಂಗುಗುಂಡಿಗಳಿವೆ. ಕ್ರೋಮಿಯಂನೊಡನೆ ಇವನ್ನು ಹೋಲಿಸಲಾಗದು. ಆದರೂ ತಳಕ್ಕೆ ಹೊದಿಕೆಯಿಲ್ಲದ ಗುಂಡಿಯಿಂದ ಪಲ್ಪಿಂಗ್ ನೀರು ಇಂಗಿದರೆ ಅದರ ಸಾವಯವ ದ್ರವ್ಯ ಆಮ್ಲಜನಕವನ್ನು ಕಬಳಿಸುತ್ತದೆ. ಆಗ ಮಣ್ಣಿನ ಕಬ್ಬಿಣ, ಮ್ಯಾಂಗನೀಸ್ ಕರಗಿ ನೀರಿಗೆ ಬರಬಹುದು. ಶೌಚದ ನೀರಿನಿಂದ ನೈಟ್ರೇಟ್ ಸೇರುತ್ತದೆ. ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ.

ನನ್ನ ಅಭಿಪ್ರಾಯವಿಷ್ಟೇ: ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಬಾವಿಗಳ ದಾಖಲೆ ಪುಸ್ತಕವೊಂದಿರಲಿ. ಏಪ್ರಿಲ್‌ನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ ನೀರಿನ ಮಟ್ಟ, ನೈಟ್ರೇಟ್, ಕಬ್ಬಿಣ, ರೋಗಾಣುಗಳ ವಿವರ ಬರೆದು ಕನ್ನಡದಲ್ಲಿಯೇ ಫಲಕಕ್ಕೆ ಹಾಕಲಿ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಯ ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿಯನ್ನೂ ಯೋಜಿಸಿದೆ. ಕ್ರೋಮಿಯಂನಂಥ ಲೋಹಗಳ ನಿಖರ ಪ್ರಮಾಣಕ್ಕೆ ಮಾತ್ರ ಪ್ರಯೋಗಾಲಯವೇ ಬೇಕು. ಕಾನೂನಿನ ಬಲವೂ ನಮಗಿದೆ: 1974ರ ಜಲ ಕಾಯಿದೆಯಲ್ಲಿ 'ಹೊಳೆ' ಎಂಬ ಪದದ ವ್ಯಾಖ್ಯೆಯೊಳಗೆ ಭೂಗತ ನೀರೂ ಸೇರಿದೆ.

ಹೀಗೆ ಫಲಕ ಹಾಕಿದರೆ ಪ್ರವಾಸಿಗರು ಬರುವುದಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ನೀರು ಚೆನ್ನಾಗಿದ್ದರೆ ಆ ಫಲಕವೇ ಊರಿನ ಹೆಮ್ಮೆ. ಚೆನ್ನಾಗಿಲ್ಲದಿದ್ದರೆ, ಅದನ್ನು ಮೊದಲು ತಿಳಿಯಬೇಕಾದವರು ಎರಡು ದಿನವಿದ್ದು ಹೋಗುವ ಅತಿಥಿಗಳಲ್ಲ, ವರ್ಷವಿಡೀ ಅದನ್ನೇ ಕುಡಿಯುವ ನಮ್ಮ ಹಾಡಿಯ, ಲೈನ್‌ಮನೆಗಳ ಮಕ್ಕಳ ತಾಯಂದಿರು. ನಿಮ್ಮ ನಿಮ್ಮ ಊರಿನ ಪಂಚಾಯಿತಿಯಲ್ಲಿ ಇಂಥ ಪುಸ್ತಕವಿದೆಯೇ ಎಂದು ಒಮ್ಮೆ ವಿಚಾರಿಸಿ ನೋಡಿ, ನನಗೂ ತಿಳಿಸಿ.