ಗ್ರಂಥ ಒಂದೇ, ಓದು ಎರಡು



ಕುರಾನ್ ಮತ್ತು ಬೈಬಲ್ಲಿನಿಂದ ಹೆಕ್ಕಿದ ಕೆಲವು ಸಾಲುಗಳು ಇಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಅನ್ಯಮತದವರನ್ನು ಕೊಲ್ಲೆಂದು ಹೇಳುವ ಧರ್ಮಗಳಿವು ಎಂಬುದು ಅವುಗಳ ಒಕ್ಕಣೆ. ಇದಕ್ಕೆ ಉತ್ತರವಾಗಿ ಇನ್ನು ಕೆಲವರು ಎಲ್ಲ ಧರ್ಮಗಳೂ ಶಾಂತಿಯನ್ನೇ ಬೋಧಿಸುತ್ತವೆ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ನನಗೆ ಈ ಎರಡೂ ಮಾತುಗಳು ಸಾಲದೆನಿಸುತ್ತವೆ.

ಗ್ರಂಥಗಳಲ್ಲಿ ಕಠೋರವಾದ ಮಾತುಗಳಿಲ್ಲ ಎನ್ನುವುದು ಸುಳ್ಳು. ಅನ್ಯದೇವರ ಕಡೆಗೆ ಸೆಳೆಯುವವರಿಗೆ ಬೈಬಲ್ಲಿನ ಧರ್ಮೋಪದೇಶಕಾಂಡದ 13ನೇ ಅಧ್ಯಾಯ ಮರಣದಂಡನೆ ವಿಧಿಸುತ್ತದೆ. ಕುರಾನಿನ 9ನೇ ಅಧ್ಯಾಯದ 5ನೇ ವಾಕ್ಯ ಬಹುದೇವಾರಾಧಕರ ವಿರುದ್ಧದ ಯುದ್ಧದ ಆದೇಶ. ಆದರೆ ಹೊಲದ ಕಳೆಯನ್ನು ಸುಗ್ಗಿಯವರೆಗೆ ಕೀಳಬೇಡಿ ಎನ್ನುವ ಮತ್ತಾಯನ ಸುವಾರ್ತೆಯ ದೃಷ್ಟಾಂತವೂ ಅದೇ ಬೈಬಲ್ಲಿನಲ್ಲಿದೆ. ಧರ್ಮದಲ್ಲಿ ಬಲವಂತ ಸಲ್ಲದು ಎನ್ನುವ 2ನೇ ಅಧ್ಯಾಯದ 256ನೇ ವಾಕ್ಯವೂ ಅದೇ ಕುರಾನಿನಲ್ಲಿದೆ. ಇವೆರಡರಲ್ಲಿ ಯಾವುದನ್ನು ಯಾರು ಆರಿಸಿಕೊಂಡರು, ಯಾವ ಅಧಿಕಾರದಿಂದ ಜಾರಿಗೆ ತಂದರು ಎಂಬುದೇ ನಿಜವಾದ ಪ್ರಶ್ನೆ. ಸೇತುವೆ ಕುಸಿದಾಗ ನಾವು ಇಂಜಿನಿಯರುಗಳು ನಕ್ಷೆಯನ್ನಷ್ಟೇ ನೋಡಿ ವರದಿ ಬರೆಯುವುದಿಲ್ಲ. ಮಂಜೂರು ಮಾಡಿದವರಾರು, ಕಟ್ಟಿದವರಾರು, ಮೇಲೆ ಎಷ್ಟು ಭಾರ ಹೇರಿದರು ಎಂದೂ ಕೇಳುತ್ತೇವೆ. ಇಲ್ಲಿಯೂ ಹಾಗೆಯೇ ಕೇಳಬೇಕು.

ಮೊದಲು ಜಿನೀವಾ ನಗರ. ಮೈಕೆಲ್ ಸರ್ವೆಟಸ್ ಸ್ಪೇನಿನ ವೈದ್ಯ. ರಕ್ತವು ಹೃದಯದಿಂದ ಶ್ವಾಸಕೋಶಕ್ಕೆ ಹೋಗಿ ಮರಳುವ ಬಗೆಯನ್ನು ಯುರೋಪಿನಲ್ಲಿ ಮೊದಲು ಅಚ್ಚಿನಲ್ಲಿ ವಿವರಿಸಿದವನು ಆತ. ತ್ರಿಯೇಕ ದೇವರ ತತ್ವಕ್ಕೆ ಬೈಬಲ್ಲಿನಲ್ಲಿ ಆಧಾರವಿಲ್ಲ ಎಂದದ್ದೇ ಆತನ ಅಪರಾಧವಾಯಿತು. ಕ್ಯಾಥೊಲಿಕ್ ಅಧಿಕಾರಿಗಳ ಸೆರೆಯಿಂದ ತಪ್ಪಿಸಿಕೊಂಡು ಬಂದ ಆತನನ್ನು ಪ್ರಾಟೆಸ್ಟೆಂಟರ ಜಿನೀವಾ 1553ರ ಅಕ್ಟೋಬರ್ 27ರಂದು ಜೀವಂತ ಸುಟ್ಟಿತು. ಇದರ ಹಿಂದೆ ನಿಂತ ಜಾನ್ ಕ್ಯಾಲ್ವಿನ್ ಸ್ವತಃ ಮತದ ಕಾರಣಕ್ಕೆ ಫ್ರಾನ್ಸ್ ತೊರೆದು ಬಂದ ನಿರಾಶ್ರಿತ! ಮರುವರ್ಷ ಆತ ಈ ಶಿಕ್ಷೆಯನ್ನು ಸಮರ್ಥಿಸಿ ಪುಸ್ತಕ ಬರೆದಾಗ ಆಶ್ರಯಿಸಿದ್ದು ಧರ್ಮೋಪದೇಶಕಾಂಡದ ಅದೇ 13ನೇ ಅಧ್ಯಾಯವನ್ನು.

ಆಗ ಬಾಸೆಲ್ ನಗರದಿಂದ ಎದ್ದ ದನಿ ಸೆಬಾಸ್ಟಿಯನ್ ಕ್ಯಾಸ್ಟೆಲಿಯೊನದು. ಆತ ನಾಸ್ತಿಕನಲ್ಲ, ಬೈಬಲ್ಲನ್ನು ಲ್ಯಾಟಿನ್ ಮತ್ತು ಫ್ರೆಂಚಿಗೆ ಅನುವಾದಿಸಿದ ಶ್ರದ್ಧಾವಂತ. ಹೊಲದ ಕಳೆಯ ದೃಷ್ಟಾಂತವನ್ನು ಮುಂದಿಟ್ಟು, ನಂಬಿಕೆಯ ಭಿನ್ನತೆಗಾಗಿ ಮನುಷ್ಯನನ್ನು ಕೊಲ್ಲುವ ಹಕ್ಕು ಯಾರಿಗೂ ಇಲ್ಲವೆಂದು ಆತ 1554ರಲ್ಲಿ ವಾದಿಸಿದ. ಕ್ಯಾಲ್ವಿನ್‌ಗೆ ಆತ ಬರೆದ ನೇರ ಉತ್ತರ ಅಚ್ಚಾದದ್ದು 1612ರಲ್ಲಿ. ಅಷ್ಟರಲ್ಲಿ ಆತ ತೀರಿಕೊಂಡು 49 ವರ್ಷ ಕಳೆದಿತ್ತು.

ಎರಡನೆಯದು ಸುಡಾನ್. ಮಹಮೂದ್ ಮೊಹಮ್ಮದ್ ತಾಹಾ ನನ್ನ ವೃತ್ತಿಯವರೇ. ಖಾರ್ಟೂಮಿನ ಗಾರ್ಡನ್ ಸ್ಮಾರಕ ಕಾಲೇಜಿನಲ್ಲಿ ಓದಿ 1936ರಲ್ಲಿ ಇಂಜಿನಿಯರ್ ಆಗಿ ರೈಲ್ವೆ ಸೇರಿದವರು. 1967ರ ತಮ್ಮ ಕೃತಿಯಲ್ಲಿ ಅವರು ಮಂಡಿಸಿದ ವಿಚಾರ ಸರಳವಾಗಿತ್ತು. ಮೆಕ್ಕಾದಲ್ಲಿ ಅವತರಿಸಿದ ವಾಕ್ಯಗಳು ಸ್ವಾತಂತ್ರ್ಯ, ಸಮಾನತೆಗಳನ್ನು ಸಾರುತ್ತವೆ. ಅವು ಎಲ್ಲ ಕಾಲಕ್ಕೂ ಸಲ್ಲುತ್ತವೆ. ಮದೀನಾದ ಕಟ್ಟಳೆಗಳು 7ನೇ ಶತಮಾನದ ಆ ಸಮಾಜಕ್ಕೆ ಕೊಟ್ಟವು. ಹಿಂದಿನ ಪಂಡಿತರು ಮದೀನಾದ ವಾಕ್ಯಗಳೇ ಮೆಕ್ಕಾದವನ್ನು ರದ್ದುಪಡಿಸಿವೆ ಎಂದಿದ್ದರು. ತಾಹಾ ಅದನ್ನು ತಿರುಗಿಸಿ ನಿಲ್ಲಿಸಿದರು.

1983ರಲ್ಲಿ ಅಧ್ಯಕ್ಷ ನಿಮೇರಿ ಷರಿಯಾ ಕಾನೂನು ಹೇರಿದಾಗ ತಾಹಾ ಮತ್ತು ಸಂಗಡಿಗರು ಅದನ್ನು ಹಿಂತೆಗೆಯಲು ಕೋರಿ ಕರಪತ್ರ ಹಂಚಿದರು. ಧರ್ಮತ್ಯಾಗವೆಂಬ ಅಪರಾಧ ಅಂದಿನ ದಂಡಸಂಹಿತೆಯಲ್ಲಿ ಇರಲೇ ಇಲ್ಲ. ಆದರೂ ಮೇಲ್ಮನವಿ ನ್ಯಾಯಾಲಯ ಅದನ್ನೇ ಹೊರಿಸಿತು. 1985ರ ಜನವರಿ 18ರಂದು, 70 ದಾಟಿದ ಆ ವೃದ್ಧರನ್ನು ಜನಸಮೂಹದ ಮುಂದೆ ಗಲ್ಲಿಗೇರಿಸಿದರು. ಮೂರು ತಿಂಗಳೊಳಗೆ ನಿಮೇರಿ ಪದಚ್ಯುತನಾದ. 1986ರಲ್ಲಿ ಸುಡಾನಿನ ಸುಪ್ರೀಂ ಕೋರ್ಟು ಆ ತೀರ್ಪನ್ನೇ ಅಸಿಂಧುವೆಂದಿತು.

ಎರಡೂ ಕಡೆ ಕೊಂದದ್ದು ಗ್ರಂಥವನ್ನು ಕೈಯಲ್ಲಿ ಹಿಡಿದ ರಾಜ್ಯಾಧಿಕಾರ. ಎರಡೂ ಕಡೆ ಬೇಡವೆಂದು ಎದ್ದು ನಿಂತವರು ಅದೇ ಗ್ರಂಥವನ್ನು ಓದಿದವರು. ಕ್ಯಾಥೊಲಿಕ್ ಚರ್ಚು ಧಾರ್ಮಿಕ ಸ್ವಾತಂತ್ರ್ಯವನ್ನು ಮಾನವ ಹಕ್ಕೆಂದು ಘೋಷಿಸಿದ್ದು 1965ರಲ್ಲಿ. ಗ್ರಂಥದ ಒಂದಕ್ಷರವೂ ಬದಲಾಗಲಿಲ್ಲ, ಓದು ಬದಲಾಯಿತು. ಇಸ್ಲಾಮೀ ದೇಶಗಳಲ್ಲಿ ಈ ಕೆಲಸ ಇನ್ನೂ ಬಹಳ ಬಾಕಿಯಿದೆ. ಪಾಕಿಸ್ತಾನದ ಧರ್ಮನಿಂದನೆ ಕಾನೂನನ್ನು ಟೀಕಿಸಿದ ಪಂಜಾಬ್ ಗವರ್ನರ್ ಸಲ್ಮಾನ್ ತಾಸೀರ್ 2011ರಲ್ಲಿ ತಮ್ಮ ಅಂಗರಕ್ಷಕನ ಗುಂಡಿಗೇ ಬಲಿಯಾದರು. ಇದನ್ನು ಸಂಕೋಚವಿಲ್ಲದೆ ಹೇಳಬೇಕು. ಆದರೆ ತಾಸೀರರೂ ಮುಸಲ್ಮಾನರೇ ಎಂಬುದನ್ನು ಮರೆತು ಹೇಳಿದರೆ ಅದು ಅರ್ಧಸತ್ಯ. ಹೆಕ್ಕಿದ ಸಾಲುಗಳನ್ನು ಹಂಚುವವರು ತಮಗೆ ತಿಳಿಯದೆಯೇ ತಾಹಾರನ್ನು ಗಲ್ಲಿಗೇರಿಸಿದವರ ಓದನ್ನೇ ಸರಿಯೆಂದು ಒಪ್ಪಿಕೊಳ್ಳುತ್ತಾರೆ.

ಇನ್ನು ನಮ್ಮ ಮನೆಯ ಮಾತು. ವಚನ ಸಾಹಿತ್ಯಕ್ಕೆ ಜೀವ ತೇದ ಡಾ. ಎಂ. ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಗುಂಡಿಗೆ ಬಲಿಯಾದರು. ಅದಕ್ಕೂ ಬಹಳ ಮೊದಲು, 1989ರಲ್ಲಿ, ಸಂಶೋಧನೆಯಲ್ಲಿ ತಾವು ಕಂಡದ್ದನ್ನು ಹಿಂತೆಗೆದುಕೊಳ್ಳುವಂತೆ ಅವರ ಮೇಲೆ ಒತ್ತಡ ತಂದವರಲ್ಲಿ ನಮ್ಮವರೂ ಇದ್ದರು. ನಮ್ಮ ಕೈಯಲ್ಲಿ ಅಂದು ರಾಜ್ಯಾಧಿಕಾರವಿರಲಿಲ್ಲ, ಗುಂಪಿನ ಬಲವಿತ್ತು. ಅಷ್ಟೇ ಸಾಕಾಯಿತು.

ಆದ್ದರಿಂದ ಮಠಗಳ ಅನುಭಾವ ಗೋಷ್ಠಿಗಳಲ್ಲಿ ಅನ್ಯಧರ್ಮಗಳ ಮಾತು ಬಂದಾಗ ಅವುಗಳ ಕಠೋರ ವಾಕ್ಯಗಳ ಜೊತೆಗೆ ಕ್ಯಾಸ್ಟೆಲಿಯೊ, ತಾಹಾ ಅವರ ಹೆಸರುಗಳೂ ಬರಲಿ. ಮೊಬೈಲಿಗೆ ಬಂದ ಸಾಲನ್ನು ಮುಂದೆ ಕಳಿಸುವ ಮೊದಲು ಅದರ ಹಿಂದಿನ, ಮುಂದಿನ ಸಾಲುಗಳನ್ನು ಓದೋಣ. ಮತ್ತು ನಮ್ಮಲ್ಲೇ ಒಬ್ಬರು ಒಪ್ಪದ ಮಾತನಾಡಿದಾಗ ಗೋಷ್ಠಿಯ ಬಾಗಿಲು ಅವರಿಗೆ ತೆರೆದೇ ಇರಲಿ.